ಈ ಮಳೆಗಾಲ ನನ್ನ ಬದಲು ಮಾತನಾಡಿದವರಿಗೆ

ಮೊನ್ನೆ ಸೋಮವಾರ ತರಗತಿಯಲ್ಲಿ ನಿಂತು 40 ನಿಮಿಷ ಮಾತನಾಡಿದೆ. ಜೂನ್ ನಂತರ ಇದೇ ಮೊದಲು. ಧ್ವನಿತಂತುಗಳ ಮೇಲೆ ಗಂಟು ಬಂದಿದೆ, ಪಾಠ ಬಂದ್, ಪಿಸುಗುಟ್ಟುವುದೂ ಕೂಡದು ಎಂದು ಗಂಟಲಿನ ವೈದ್ಯರು ಹೇಳಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಕಾರವಾರದ ಮಳೆಯೊಡನೆ ಪೈಪೋಟಿಗಿಳಿದು ಎಂಟು ವರ್ಷ ಸಮುದಾಯ ವೈದ್ಯಶಾಸ್ತ್ರ ಕಲಿಸಿದ ಗಂಟಲು ಇನ್ನೇನು ಮಾಡೀತು?

ಕೊರೊನಾ ಕಾಲದ ನನ್ನ ಪಾಠಗಳ ವಿಡಿಯೋ ಇದ್ದವು, ಒಂದೊಂದೂ 55 ನಿಮಿಷದ್ದು. ಪೆನ್‌ಡ್ರೈವ್ ಹಿಡಿದು ಕಾಲೇಜಿನ ವಿಡಿಯೋ ಕೋಣೆಗೆ ಹೋಗಿ ‘ಇವನ್ನೇ ಹಾಕಿಬಿಡಿ’ ಎಂದು ಚೀಟಿ ಬರೆದುಕೊಟ್ಟೆ. ಅಲ್ಲಿರುವವರು ಇಬ್ಬರು. ಪಾಠದ ವಿನ್ಯಾಸ ಮಾಡುವ ಸಿರ್ಸಿಯ ಹೆಣ್ಣುಮಗಳು, ಕ್ಯಾಮೆರಾ ಮತ್ತು ಎಡಿಟಿಂಗ್ ನೋಡಿಕೊಳ್ಳುವ ಅಂಕೋಲಾದ ಹುಡುಗ. ಮಂಗನ ಕಾಯಿಲೆಯ ಪಾಠವನ್ನು ಪೂರ್ತಿ ನೋಡಿ ಆಕೆ ಕೇಳಿದ್ದು ಒಂದೇ: ‘ಮೇಡಂ, ಇದನ್ನು ನೋಡಿ ಎದ್ದ ವಿದ್ಯಾರ್ಥಿ ಏನು ಮಾಡಬಲ್ಲ?’

ಸಿಟ್ಟು ಬಂತು. 2019ರಲ್ಲಿ ವೈದ್ಯ ಶಿಕ್ಷಣಕ್ಕೆ ಸಾಮರ್ಥ್ಯ ಆಧಾರಿತ ಪಠ್ಯಕ್ರಮ, ಅಂದರೆ ವಿದ್ಯಾರ್ಥಿ ಏನು ಮಾಡಬಲ್ಲ ಎಂದು ನೋಡುವ ಪಠ್ಯಕ್ರಮ, ಬಂದಾಗಿನಿಂದ ಈ ಪ್ರಶ್ನೆಯನ್ನು ಸಹೋದ್ಯೋಗಿಗಳಿಗೆ ಕೇಳುತ್ತಾ ಬಂದವಳೇ ನಾನು. ವೈದ್ಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಕೊಟ್ಟ ಪಿರಮಿಡ್ಡು, ಅಂದರೆ ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ಕೆಲಸದಲ್ಲಿ ನಿಜವಾಗಿ ಮಾಡುವುದು ಎಂಬ ನಾಲ್ಕು ಮೆಟ್ಟಿಲು, ನನ್ನ ಸ್ಲೈಡಿನಲ್ಲೇ ಇದೆ. ಆದರೆ ನನ್ನ ಪಾಠ ಈ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದ ಸೊರಬದ ಕ್ಯಾಸನೂರಿನಿಂದ ಹೊರಟು, ವೈರಸ್ಸಿನ ಕುಲಗೋತ್ರ ಹೇಳಿ, ಅದನ್ನು ಹರಡುವ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ರಕ್ತ ಹೀರುವ ಉಣ್ಣಿಯ ಜೀವನಚಕ್ರ ಸುತ್ತಿ ಬರುತ್ತಿತ್ತು. ರೋಗಿ ಕಾಣಿಸಿಕೊಳ್ಳುವುದು 31ನೆಯ ನಿಮಿಷದಲ್ಲಿ. ಅಷ್ಟರಲ್ಲಿ ಆಕೆಗೆ ಜ್ವರ ಬಿಟ್ಟು ಹೋಗಿರುತ್ತಿತ್ತು.

ಸಿರ್ಸಿಯವರು ರೋಗಿಯನ್ನು ಮೊದಲ ನಿಮಿಷಕ್ಕೇ ಕರೆತಂದರು. ಸಿದ್ದಾಪುರದ ಕಡೆಯ ತೋಟದ ಕೆಲಸದವಳು, ಫೆಬ್ರವರಿ ತಿಂಗಳು, ಮೂರು ದಿನದಿಂದ ಜ್ವರ, ತಲೆ ಸಿಡಿತ, ಮೈಕೈ ನೋವು. ನೀವು ಏನು ಕೇಳುತ್ತೀರಿ? ವಿಡಿಯೋ ಅಲ್ಲಿಗೇ ನಿಲ್ಲುತ್ತದೆ; ಉತ್ತರ ಬರೆಯದ ಹೊರತು ಮುಂದೆ ಹೋಗುವುದಿಲ್ಲ. ಬೆಟ್ಟಕ್ಕೆ ತರಗೆಲೆ ತರಲು ಹೋಗಿದ್ದಿರಾ, ಸುತ್ತಮುತ್ತ ಮಂಗ ಸತ್ತಿತ್ತೇ ಎಂದು ಕೇಳುವುದು ಹೊಳೆದರೆ ಸರಿ. ಹೊಳೆಯದಿದ್ದರೆ, ಒಮ್ಮೆ ಇಳಿದ ಜ್ವರ ಕೆಲವರಲ್ಲಿ ಮತ್ತೆ ಮರಳಿ ಮಿದುಳಿನ ತೊಂದರೆ ತರುವುದನ್ನು ಮುಂದಿನ ತುಣುಕಿನಲ್ಲಿ ನೋಡಬೇಕು. ಒಂದೊಂದು ತುಣುಕು ಆರು ನಿಮಿಷ. ಪರದೆಯ ಮೇಲಿನ ಸಾಲುಗಳನ್ನೇ ನಾನು ಓದಿ ಹೇಳುತ್ತಿದ್ದ ಜಾಗಗಳಲ್ಲಿ ಸಾಲುಗಳನ್ನು ಅಳಿಸಿ ಚಿತ್ರ ಇಟ್ಟರು. ಕಣ್ಣು ಒಂದು ವೇಗದಲ್ಲಿ ಓದುತ್ತದೆ, ಕಿವಿ ಇನ್ನೊಂದು ವೇಗದಲ್ಲಿ ಕೇಳುತ್ತದೆ, ಎರಡೂ ಕೆಡುತ್ತವೆ ಎಂಬುದು ಅವರ ವಾದ. ನಾನು ಚೀಟಿಯಲ್ಲೇ ಜಗಳವಾಡಿದೆ. ಬರೆದು ಜಗಳವಾಡುವವರು ಸೋಲುತ್ತಾರೆ. ಕೈ ಬೇಗ ನೋಯುತ್ತದೆ.

ಹುಡುಗನ ಕಷ್ಟ ಬೇರೆ. ನನ್ನ ಹಳೆಯ ದನಿಯ ಹಿಂದೆಲ್ಲ ಮಳೆ. ಅದನ್ನು ತೆಗೆದರೆ ನಾನು ಬಾವಿಯೊಳಗಿಂದ ಮಾತನಾಡಿದ ಹಾಗೆ ಕೇಳುತ್ತಿತ್ತು. ಹೊಸ ಮಾತುಗಳನ್ನು ಸಿರ್ಸಿಯವರ ದನಿಯಲ್ಲೇ ಸೇರಿಸಬೇಕಾಯಿತು. ಜುಲೈಯಲ್ಲಿ ಕಾರವಾರದ ಮಳೆ ನಿಲ್ಲಲೆಂದು ಕಾಯುವವನು ಕಾಯುತ್ತಲೇ ಇರಬೇಕು. ಹಾಗಾಗಿ ಸಾಮಾನಿನ ಕೋಣೆಯ ನಾಲ್ಕು ಗೋಡೆಗೂ ಕಂಬಳಿ ಕಟ್ಟಿ, ಫ್ಯಾನ್ ಆರಿಸಿ, ರೈಲಿನ ಸದ್ದು ಬಂದಾಗಲೆಲ್ಲ ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತಾ ಇಬ್ಬರೂ ಅಲ್ಲೇ ಕುಳಿತರು. ಇದು ಅವರ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ.

ಕೇಳದೆಯೇ ದಿನವೂ ಕಷಾಯ ತಂದಿಟ್ಟ ಕ್ಯಾಂಟೀನಿನವರಿಗೆ, ನನ್ನ ಪ್ರಾಯೋಗಿಕ ತರಗತಿಗಳನ್ನು ಹಂಚಿಕೊಂಡ ವಿಭಾಗದವರಿಗೆ ವಂದನೆಗಳು. ಮನೆಯಲ್ಲಿ ಇಷ್ಟು ನೆಮ್ಮದಿ ಎಂದೂ ಇರಲಿಲ್ಲ ಎಂದು ಸಾರಿಕೊಂಡು ತಿರುಗಿದ ನನ್ನ ಯಜಮಾನರಿಗೆ ಏನೂ ಇಲ್ಲ.

ಆ ಇಬ್ಬರ ಹೆಸರು ಇಲ್ಲಿ ಹಾಕಬೇಕೆಂದಿದ್ದೆ, ಬೇಡವೆಂದರು. ಸೋಮವಾರ ಹುಡುಗ ಕೊನೆಯ ಬೆಂಚಿನಲ್ಲಿ ಕುಳಿತು ಪೂರ್ತಿ ಪಾಠ ಕೇಳಿದ. ಹೊರಗೆ ಬಂದ ಮೇಲೆ ‘ಹೇಗಿತ್ತು?’ ಎಂದೆ.

‘ದನಿ ಚೆನ್ನಾಗಿದೆ ಅಕ್ಕೋರೇ’ ಎಂದ. ಸ್ವಲ್ಪ ತಡೆದು, ‘ಹನ್ನೆರಡು ನಿಮಿಷ ತೆಗೆಯಬಹುದಿತ್ತು’ ಎಂದ.