ಅಮೋಘವರ್ಷನನ್ನು ಆಟಕ್ಕೆ ಇಳಿಸುವುದಾದರೆ

ಮಾನ್ಯ ಸಂಪಾದಕರೇ,

ಒಬ್ಬ ನಾಯಕನನ್ನು ಆರಿಸಿಕೊಂಡು ನಾಡು ಕಟ್ಟುವ ‘ಸಿವಿಲೈಸೇಶನ್’ ಎಂಬ ಕಂಪ್ಯೂಟರ್ ಆಟದಲ್ಲಿ ಗಾಂಧಿ ಇದ್ದಾರೆ, ಚಂದ್ರಗುಪ್ತ ಇದ್ದಾನೆ, 2025ರ ಏಳನೇ ಆವೃತ್ತಿಗೆ ಚೋಳರೂ ಬಂದರು. ಕನ್ನಡದ ಅರಸರು ಎಲ್ಲಿ ಎಂದು ಕೇಳುವ ಹುಡುಗರು ಇಮ್ಮಡಿ ಪುಲಿಕೇಶಿಯ ಹೆಸರನ್ನೋ ಕೃಷ್ಣದೇವರಾಯನ ಹೆಸರನ್ನೋ ಮುಂದಿಡುತ್ತಾರೆ. ಇಬ್ಬರೂ ದೊಡ್ಡವರೇ. ಆದರೆ ಆಟದ ಲೆಕ್ಕಕ್ಕೆ ಇಬ್ಬರೂ ಅಷ್ಟು ಸಲೀಸಲ್ಲ.

ಆರನೇ ಆವೃತ್ತಿಯನ್ನೇ (2016) ತೆಗೆದುಕೊಳ್ಳಿ. ಹೊಸ ನಾಡೊಂದನ್ನು ಸೇರಿಸಲು ಆ ನಾಡಿನದೇ ಒಂದು ವಿಶೇಷ ಗುಣ, ನಾಯಕನಿಗೊಂದು ಗುಣ, ಬೇರೆ ಯಾರಿಗೂ ಇಲ್ಲದ ಸೈನಿಕ, ಒಂದು ಕಟ್ಟಡ, ಊರುಗಳ ಪಟ್ಟಿ, ನಾಯಕ ಆಡುವ ಭಾಷೆ ಇಷ್ಟಾದರೂ ಬೇಕು. ನರ್ಮದೆಯಲ್ಲಿ ಹರ್ಷನನ್ನು ತಡೆದ ಶೌರ್ಯ ಒಂದರಿಂದಲೇ ಇದೆಲ್ಲ ತುಂಬುವುದಿಲ್ಲ. ದಂಡೆತ್ತಿ ಹೋಗುವ ನಾಯಕರು ಅಲ್ಲಿ ಈಗಾಗಲೇ ಬೇಕಾದಷ್ಟಿದ್ದಾರೆ. ಇನ್ನು ಕೃಷ್ಣದೇವರಾಯ ಯಾವ ಭಾಷೆ ಆಡಬೇಕು? ಅವನ ‘ಆಮುಕ್ತಮಾಲ್ಯದ’ ತೆಲುಗಿನದು, ಶಾಸನಗಳು ಹಲವು ಭಾಷೆಗಳವು. ಆಟ ಶುರುವಾಗುವ ಮೊದಲೇ ಎರಡು ರಾಜ್ಯದವರ ಜಗಳ ಶುರುವಾಗುತ್ತದೆ.

ರಾಷ್ಟ್ರಕೂಟರ ಅಮೋಘವರ್ಷನಲ್ಲಿ (814–878) ಈ ತೊಡಕಿಲ್ಲ. ಅವನ ಆಸ್ಥಾನದ ‘ಕವಿರಾಜಮಾರ್ಗ’ವೇ ಹಳಗನ್ನಡದ ಮಾತಿಗೆ ಆಧಾರ. ಊರುಗಳ ಪಟ್ಟಿಗೂ ಅಲ್ಲೇ ಮೊದಲ ಸರಕು ಸಿಗುತ್ತದೆ: ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದ. ರಾಜಧಾನಿ ಮಾನ್ಯಖೇಟವನ್ನು ಪಟ್ಟಿಯ ತಲೆಗೆ ಇಡಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಕಿಸುವೊಳಲ್ ಅಂದರೆ ಪಟ್ಟದಕಲ್ಲು, ಪುಲಿಗೆರೆ ಅಂದರೆ ಲಕ್ಷ್ಮೇಶ್ವರ, ಮಾನ್ಯಖೇಟ ಅಂದರೆ ಮಳಖೇಡ. ಹಳೆಯ ಹೆಸರು, ಇಂದಿನ ಹೆಸರು ಎರಡನ್ನೂ ಬರೆದರೆ ಒಂದೇ ಊರು ನಕಾಶೆಯಲ್ಲಿ ಎರಡು ಕಡೆ ತಲೆಯೆತ್ತುತ್ತದೆ.

ನಾಯಕನ ಗುಣಕ್ಕೆ ಸಂಜಾನ್ ತಾಮ್ರಪಟ ಇದೆ. ನಾಡಿಗೆ ಬಂದ ವಿಪತ್ತು ತೊಲಗಲೆಂದು ಅಮೋಘವರ್ಷ ತನ್ನ ಬೆರಳನ್ನೇ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ಅದು ಹೇಳುತ್ತದೆ. ಆಟದಲ್ಲಿ ನೆರೆ, ಬರ ಬಂದಾಗ ರಾಜಧಾನಿಯ ಜನಸಂಖ್ಯೆಯಲ್ಲಿ ಒಂದನ್ನು ಕಳೆದು ಹಾನಿಗೊಳಗಾದ ಊರನ್ನು ಉಳಿಸಿಕೊಳ್ಳುವ ಅವಕಾಶ ಕೊಟ್ಟರೆ ಆಯಿತು. ಆದರೆ ಅವನಿಗೆ ಒಂದೇ ಧರ್ಮವನ್ನು ಗಂಟುಹಾಕಬಾರದು. ಮಹಾಲಕ್ಷ್ಮಿಗೆ ನಡೆದುಕೊಂಡ ಅದೇ ಅರಸನಿಗೆ ಜೈನ ಆಚಾರ್ಯ ಜಿನಸೇನರು ಗುರು.

ಸೈನಿಕ ಎಂದೊಡನೆ ಆನೆ ಬೇಡ. ಆರನೇ ಆವೃತ್ತಿಯ ಭಾರತಕ್ಕೆ ಆನೆಯೂ ಮೆಟ್ಟಿಲುಬಾವಿಯೂ ಆಗಲೇ ಇವೆ. ಅಮೋಘವರ್ಷನನ್ನು ಭಾರತದ ಇನ್ನೊಬ್ಬ ನಾಯಕನಾಗಿ ಸೇರಿಸಿದರೆ ಅವೇ ಅವನ ಪಾಲಿಗೂ ಬರುತ್ತವೆ. ರಾಷ್ಟ್ರಕೂಟರನ್ನು ಬೇರೆ ನಾಡಾಗಿಯೇ ಇಡಬೇಕೆನ್ನುವುದು ಇದಕ್ಕೇ. ಒಡೆಯನೊಂದಿಗೇ ಸಾಯುವ ಆಣೆಯಿಟ್ಟ ವೇಳೆವಾಳಿ ಈ ಜಾಗಕ್ಕೆ ಸರಿ: ಸೇನಾಪತಿ ನಕಾಶೆಯ ಎರಡು ಮನೆಗಳ ಅಂತರದೊಳಗೆ ಇದ್ದರೆ ಬಲ 5 ಏರಲಿ, ಸೇನಾಪತಿ ದೂರ ಸರಿದರೆ ಅಷ್ಟೇ ಇಳಿಯಲಿ. 5ಕ್ಕಿಂತ ಹೆಚ್ಚು ಕೊಟ್ಟರೆ ಯಾರೂ ಬೇರೆ ಸೈನಿಕರನ್ನು ತಯಾರಿಸುವುದೇ ಇಲ್ಲ.

ಕಟ್ಟಡದ ಜಾಗಕ್ಕೆ ವೀರಗಲ್ಲು. ಸೈನಿಕ ಸತ್ತ ಮನೆಯಲ್ಲಿ ನಿಲ್ಲಿಸುವುದು, ಪ್ರತಿ ಸರದಿಗೆ ಸಂಸ್ಕೃತಿಯ 2 ಅಂಕ. ಇದನ್ನು ಹೀಗೇ ಬಿಟ್ಟರೆ ಜಾಣ ಆಟಗಾರ ಅಗ್ಗದ ಕಾಲಾಳುಗಳನ್ನು ಬೇಕೆಂದೇ ಸಾಯಿಸಿ ಕಲ್ಲು ನೆಡುತ್ತಾ ಹೋಗುತ್ತಾನೆ. ಮದ್ದು ಇತಿಹಾಸದಲ್ಲೇ ಇದೆ. ನಮ್ಮ ಎಷ್ಟೋ ವೀರಗಲ್ಲುಗಳು ತುರುಗಳನ್ನು ಬಿಡಿಸಲು ಹೋಗಿ, ಊರು ಕಾಯಲು ನಿಂತು ಸತ್ತವರವು. ಹಾಗಾಗಿ ಸ್ವಂತ ಗಡಿಯೊಳಗೆ, ವೈರಿಯ ದಾಳಿಗೆ ಸತ್ತವನಿಗೆ ಮಾತ್ರ ಕಲ್ಲು, ಒಂದು ಊರಿಗೆ ಒಂದೇ.

ಇದಕ್ಕೆ ಕಂಪನಿಯ ದಾರಿ ಕಾಯಬೇಕಾಗಿಲ್ಲ. ಆರನೇ ಆವೃತ್ತಿಗೆ ಆಟಗಾರರೇ ಮಾಡ್ (ಆಟಕ್ಕೆ ತಾವೇ ಸೇರಿಸುವ ಬದಲಾವಣೆ) ಬರೆಯಬಹುದು. ಹೆಸರು, ಅಂಕ, ನಿಯಮಗಳೆಲ್ಲ ಎಕ್ಸ್‌ಎಂಎಲ್ ಅಥವಾ ಎಸ್‌ಕ್ಯೂಎಲ್ ಎಂಬ ಬರಹದ ಕಡತಗಳಲ್ಲಿ ಕೂರುತ್ತವೆ. ಕಷ್ಟ ಇರುವುದು ಕೈಬಾಯಿ ಆಡಿಸುವ ನಾಯಕನ ಬೊಂಬೆಯಲ್ಲಿ. ಅದರ ಬದಲು ಒಂದು ಸ್ಥಿರ ಚಿತ್ರ ಸಾಕು. ಚಿತ್ರ ಬರೆಯುವವರು ಕಿರೀಟ, ಉಡುಗೆಗೆ ಎಲ್ಲೋರದ ಕೈಲಾಸನಾಥ ಗುಡಿಯ ಶಿಲ್ಪಗಳನ್ನು ನೋಡಿಕೊಳ್ಳಲಿ, ಟಿ.ವಿ. ಧಾರಾವಾಹಿಯ ಜರಿ ಪೇಟ ಮಾತ್ರ ದಯವಿಟ್ಟು ಬೇಡ.

– ಒಬ್ಬ ಓದುಗ, ಧಾರವಾಡ