ಥೀಸಿಸ್ ಮುಗಿಯುವ ಮುನ್ನ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಪೋಸ್ಟ್‌ಡಾಕ್ ಬೇಡ, ಕಂಪನಿ ಕೆಲಸವೇ ಬೇಕು ಅಂದೆಯಲ್ಲ, ಅದಕ್ಕೆ ನನ್ನ ತಕರಾರೇನಿಲ್ಲ. ತಕರಾರಿರುವುದು ನೀನು ಕಳಿಸಿದ ರೆಸ್ಯೂಮೆಯ ಮೇಲೆ. ಏಳು ಪುಟ! ಅದರಲ್ಲಿ ಮೊದಲ ಪುಟ ಪೂರ್ತಿ ಪೋಸ್ಟರು, ಕಾನ್ಫರೆನ್ಸು, ಟ್ರಾವೆಲ್ ಗ್ರಾಂಟು. ನೀನು ಯಾವ ಪ್ರೋಟೀನಿನ ಮೇಲೆ ಐದು ವರ್ಷ ಸವೆಸಿದೆ ಅನ್ನುವುದು ಬಯೋಫಾರ್ಮಾದವರಿಗೆ, ಅಂದರೆ ಜೈವಿಕ ಔಷಧಿ ತಯಾರಿಸುವ ಕಂಪನಿಗಳಿಗೆ, ಅಷ್ಟು ಮುಖ್ಯವಲ್ಲ. ನಿನಗೆ ಯಾವ ಕೆಲಸ ಕೈಹತ್ತಿದೆ, ಎಷ್ಟು ಪ್ರಮಾಣದಲ್ಲಿ ಮಾಡಿದ್ದೀಯ, ಬೇರೆಯವರು ಮಾಡಿದರೂ ಅದೇ ಫಲಿತಾಂಶ ಬರುತ್ತದಾ ಅನ್ನುವುದನ್ನು ನೋಡುತ್ತಾರೆ.

ಒಂದು ಸಾಲು ತೆಗೆದುಕೊ. 'ಕೈನೇಸ್ ಒಂದರ ನಿಯಂತ್ರಣದ ಅಧ್ಯಯನ' ಅಂತ ಬರೆದಿದ್ದೀಯ. ಇದನ್ನು ಓದಿದವರು ನಿನ್ನನ್ನು ಯಾವ ವಿಭಾಗಕ್ಕೆ ಕರೆಯಬೇಕು? ಬ್ಯಾಕ್ಟೀರಿಯಾದಲ್ಲಿ ಆ ಪ್ರೋಟೀನ್ ತಯಾರಿಸಿ ಶುದ್ಧಗೊಳಿಸಿದ್ದು ಕಾಣುವಂತೆ ಅದನ್ನೇ ಹೀಗೆ ಬರೆ: 'ಇ. ಕೊಲೈನಲ್ಲಿ ಎಕ್ಸ್‌ಪ್ರೆಶನ್, ನಿಕಲ್ ಕಾಲಂ, ಆಮೇಲೆ ಸೈಜ್ ಎಕ್ಸ್‌ಕ್ಲೂಷನ್, 1 ಲೀಟರ್ ಕಲ್ಚರಿಗೆ ಇಷ್ಟು ಮಿಲಿಗ್ರಾಂ, ಶುದ್ಧತೆ ಶೇಕಡಾ ಇಷ್ಟು, ಇಷ್ಟು ಬ್ಯಾಚ್‌ಗಳಲ್ಲಿ.' ಅಂಕಿಗಳನ್ನು ನೋಟ್‌ಬುಕ್ ತೆರೆದು ತುಂಬು, ನೆನಪಿನಿಂದ ಬೇಡ. ಈಗ ಅದು ಡೌನ್‌ಸ್ಟ್ರೀಮ್ ಪ್ರೋಸೆಸ್ ಡೆವಲಪ್‌ಮೆಂಟ್ (ಶುದ್ಧೀಕರಣದ ವಿಧಾನ ರೂಪಿಸುವ) ವಿಭಾಗದವರ ಕಣ್ಣಿಗೆ ಬೀಳುತ್ತದೆ. ಎಚ್‌ಪಿಎಲ್‌ಸಿ (ದ್ರಾವಣದಲ್ಲಿರುವ ಘಟಕಗಳನ್ನು ಕಾಲಂನಲ್ಲಿ ಬೇರ್ಪಡಿಸಿ ಅಳೆಯುವ ತಂತ್ರ) ಮಾಡಿದ್ದು ಬೇರೆ ಸಾಲಾಗಲಿ, ಅದು ಪರೀಕ್ಷಾ ವಿಧಾನಗಳನ್ನು ರೂಪಿಸುವ ಅನಲಿಟಿಕಲ್ ಡೆವಲಪ್‌ಮೆಂಟ್‌ನವರಿಗೆ. ಒಟ್ಟು ಎರಡು ಪುಟ, ಪೇಪರುಗಳ ಪಟ್ಟಿ ಕೊನೆಯಲ್ಲಿ. ಫೋಟೋ, ಎರಡು ಕಾಲಂ, ಬಣ್ಣದ ಪಟ್ಟಿ ಯಾವುದೂ ಬೇಡ. ರೆಸ್ಯೂಮೆ ಜರಡಿ ಹಿಡಿಯುವ ಸಾಫ್ಟ್‌ವೇರ್ ಅವನ್ನು ಅಡ್ಡಾದಿಡ್ಡಿ ಓದುತ್ತದೆ. ಜಾಹೀರಾತಿನಲ್ಲಿ ತಂತ್ರದ ಹೆಸರನ್ನು ಹೇಗೆ ಬರೆದಿದ್ದಾರೋ ಹಾಗೆಯೇ ಬರೆ, ನಿಜವಾಗಿ ಮಾಡಿದ್ದರೆ ಮಾತ್ರ.

ಬೊಮ್ಮಸಂದ್ರ, ಜಿಗಣಿ, ಎಲೆಕ್ಟ್ರಾನಿಕ್ ಸಿಟಿ ಕಡೆ ಕೆಲಸ ಮಾಡುತ್ತಿರುವ ಸೀನಿಯರ್‌ಗಳಿಗೆ ಮೆಸೇಜ್ ಮಾಡು. 'ಕೆಲಸ ಕೊಡಿಸಿ' ಅಂತ ಕೇಳಿದರೆ ಉತ್ತರ ಬರುವುದು ಕಷ್ಟ. ಅವರ ಇಪ್ಪತ್ತು ನಿಮಿಷ ಸಮಯ ಕೇಳು; ದಿನವಿಡೀ ಏನು ಮಾಡುತ್ತಾರೆ, ತಂಡಕ್ಕೆ ಯಾವ ಕೈ ಕಮ್ಮಿಯಾಗಿದೆ ಅಂತ ವಿಚಾರಿಸು. ಜಾಗ ಖಾಲಿಯಾದಾಗ ನಿನ್ನ ಹೆಸರು ಒಳಗಿನಿಂದ ಹೋಗುವುದು ಇಂಥ ಮಾತುಕತೆಯಿಂದಲೇ.

ಇಂಟರ್‌ವ್ಯೂನಲ್ಲಿ ಪಿಎಚ್‌ಡಿ ಮಾಡಿದವರು ಹೆಚ್ಚಾಗಿ ಜಾರುವ ಜಾಗ ಒಂದಿದೆ, ಅದನ್ನು ಬಿಡಿಸಿ ಹೇಳುತ್ತೇನೆ. 'ಸ್ಯಾಂಪಲ್‌ನ ಫಲಿತಾಂಶ ನಿಗದಿತ ಮಿತಿಯ ಹೊರಗೆ ಬಂತು, ಏನು ಮಾಡುತ್ತೀರಿ?' ಅಂತ ಕೇಳುತ್ತಾರೆ. 'ಇನ್ನೊಂದು ಸಲ ಹಾಕಿ ನೋಡುತ್ತೇನೆ' ಅನ್ನುವುದು ನಮ್ಮ ಲ್ಯಾಬ್ ಅಭ್ಯಾಸ. ಔಷಧಿಯ ಗುಣಮಟ್ಟ ಪರೀಕ್ಷಿಸುವ ಜಿಎಂಪಿ (ಉತ್ತಮ ತಯಾರಿಕಾ ಪದ್ಧತಿಯ ನಿಯಮ ಪಾಲಿಸುವ) ಲ್ಯಾಬಿನಲ್ಲಿ ಅದೇ ದೊಡ್ಡ ತಪ್ಪು. ಮೊದಲ ಫಲಿತಾಂಶವನ್ನು ಎಸೆಯುವ ಹಾಗಿಲ್ಲ, ತಯಾರಿಸಿದ ಸ್ಯಾಂಪಲ್ ದ್ರಾವಣವನ್ನೂ ಚೆಲ್ಲುವ ಹಾಗಿಲ್ಲ. ಕೂಡಲೇ ಸೂಪರ್‌ವೈಸರ್‌ಗೆ ತಿಳಿಸಬೇಕು. ಲೆಕ್ಕ, ತೂಕ, ಸ್ಟ್ಯಾಂಡರ್ಡ್, ಕಾಲಂ, ಸಿಸ್ಟಂ ಸೂಟಬಿಲಿಟಿ (ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅನ್ನುವ ಪರೀಕ್ಷೆ) ಇವನ್ನೆಲ್ಲ ನೋಡಿ ಬರೆದಿಡಬೇಕು. ಮರುಪರೀಕ್ಷೆ ಆಮೇಲೆ, ಅದೂ ಲಿಖಿತ ವಿಧಾನದ ಪ್ರಕಾರ. ಏಕೆ ಅಂದರೆ, ಸರಿ ಬರುವ ತನಕ ಪರೀಕ್ಷಿಸುತ್ತಾ ಹೋದರೆ ಕೆಟ್ಟ ಬ್ಯಾಚೂ ಒಂದಲ್ಲ ಒಂದು ಸಲ ಪಾಸಾಗಿಬಿಡುತ್ತದೆ. 'ರಿಟೆನ್ಷನ್ ಟೈಮ್ ಸರಿದರೆ?' ಅಂತಲೂ ಕೇಳಬಹುದು, ಅಂದರೆ ಎಚ್‌ಪಿಎಲ್‌ಸಿಯಲ್ಲಿ ಘಟಕವೊಂದು ಕಾಲಂನಿಂದ ಹೊರಬರುವ ಸಮಯ ಬದಲಾದರೆ ಏನೇನು ನೋಡುತ್ತೀ ಅಂತ. ಮೊಬೈಲ್ ಫೇಸ್‌ನ (ಕಾಲಂ ಮೂಲಕ ಹರಿಸುವ ದ್ರಾವಣದ) ಪಿಎಚ್ ಮತ್ತು ಅನುಪಾತ, ಕಾಲಂ ತಾಪಮಾನ, ಪಂಪಿನ ಸೋರಿಕೆ, ಕಾಲಂ ಸಾಕಷ್ಟು ಈಕ್ವಿಲಿಬ್ರೇಟ್ ಆಗಿಲ್ಲದಿರುವುದು, ಕೊನೆಗೆ ಕಾಲಂನ ವಯಸ್ಸು. ಈ ಕ್ರಮದಲ್ಲಿ ಹೇಳಿದರೆ ಯಂತ್ರದ ಮುಂದೆ ನಿಂತು ಕೆಲಸ ಮಾಡಿದವಳು ಅಂತ ಗೊತ್ತಾಗುತ್ತದೆ.

ನಿನ್ನ ಥೀಸಿಸ್ ಬಗ್ಗೆ ಮಾತಾಡಲು ಕರೆದರೆ, ಪ್ರಕಟವಾಗದ ಸ್ಲೈಡುಗಳನ್ನು ಗೈಡ್‌ಗೆ ಕೇಳಿಯೇ ಹಾಕು. ಪೇಟೆಂಟ್ ಅರ್ಜಿ ಹಾಕುವ ಯೋಚನೆ ಇದ್ದರಂತೂ ತೋರಿಸಲೇಬೇಡ.

ಬೆಂಚು ಸಾಕಾಗಿದೆ ಅನ್ನಿಸಿದರೆ ಪೇಟೆಂಟ್ ಏಜೆಂಟ್ ಪರೀಕ್ಷೆ ಇದೆ. 1970ರ ಪೇಟೆಂಟ್ ಕಾಯ್ದೆಯ ಪ್ರಕಾರ ಭಾರತೀಯ ಪ್ರಜೆಯಾಗಿದ್ದು, 21 ತುಂಬಿ, ವಿಜ್ಞಾನದ ಪದವಿ ಇದ್ದರೆ ಸಾಕು; ಕಾನೂನು ಓದಿರಬೇಕೆಂದಿಲ್ಲ. ಎರಡು ಲಿಖಿತ ಪತ್ರಿಕೆ, ಒಂದು ಮೌಖಿಕ. ಪ್ರತಿ ಲಿಖಿತ ಪತ್ರಿಕೆಯಲ್ಲೂ 50 ಅಂಕ, ಒಟ್ಟಾರೆ ಶೇ. 60 ಬೇಕು. ಎಡವುವುದು ಎರಡನೆಯದರಲ್ಲಿ: ಕ್ಲೇಮ್ (ಆವಿಷ್ಕಾರದ ಯಾವ ಭಾಗಕ್ಕೆ ರಕ್ಷಣೆ ಬೇಕು ಅಂತ ಹೇಳುವ ವಾಕ್ಯ) ಬರೆಯುವುದು ಪೇಪರ್ ಬರೆದ ಹಾಗಲ್ಲ, ಒಂದು ಪದ ಹೆಚ್ಚಾದರೂ ರಕ್ಷಣೆಯ ವ್ಯಾಪ್ತಿ ಕುಗ್ಗಬಹುದು. ಮೆಡಿಕಲ್ ರೈಟಿಂಗ್ ನಿನ್ನ ಸ್ವಭಾವಕ್ಕೆ ಒಗ್ಗಲಿಕ್ಕಿಲ್ಲ, ನನ್ನ ಅನಿಸಿಕೆ ಅಷ್ಟೇ.

ಸಂಬಳದ ಮಾತು. 12 ಲಕ್ಷದ ಸಿಟಿಸಿ (ಕಂಪನಿ ನಿನಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಅಂದ ತಕ್ಷಣ ತಿಂಗಳಿಗೆ ಒಂದು ಲಕ್ಷ ಅಂತ ಎಣಿಸಬೇಡ. ಬೇಸಿಕ್ 6 ಲಕ್ಷ, ವೇರಿಯಬಲ್ (ಕೆಲಸದ ಸಾಧನೆ ನೋಡಿ ಕೊಡುವ ಭಾಗ) ಸಿಟಿಸಿಯ ಶೇ. 10 ಅಂದುಕೊ. ವೇರಿಯಬಲ್ 1,20,000, ಕಂಪನಿ ಕಟ್ಟುವ ಪಿಎಫ್ 72,000, ಗ್ರಾಚ್ಯುಯಿಟಿ (ಬೇಸಿಕ್‌ನ ಶೇ. 4.81) 28,860, ಇಷ್ಟು ಕಳೆದರೆ ತಿಂಗಳಿಗೆ 81,595. ಅದರಲ್ಲಿ ನಿನ್ನ ಪಾಲಿನ ಪಿಎಫ್ 6,000, ವೃತ್ತಿ ತೆರಿಗೆ 200 ಹೋಗಿ ಕೈಗೆ ಸುಮಾರು 75 ಸಾವಿರ, ಆದಾಯ ತೆರಿಗೆ ಬಂದರೆ ಅದು ಬೇರೆ. ಹಾಗಾಗಿ ಎಚ್‌ಆರ್ ಹತ್ತಿರ ಮೊತ್ತ ಕೇಳಬೇಡ, ಬ್ರೇಕಪ್ ಕೇಳು. ಬಾಂಡ್ ಇದೆಯಾ, ನೋಟಿಸ್ ಪೀರಿಯಡ್ ಎಷ್ಟು ಅಂತ ಸಹಿ ಹಾಕುವ ಮೊದಲೇ ಓದು. ಅಂಕಪಟ್ಟಿಯ ಮೂಲ ಪ್ರತಿ ತಮ್ಮ ಬಳಿ ಇಟ್ಟುಕೊಳ್ಳುತ್ತೇವೆ ಅಂದರೆ ಆ ಕೆಲಸ ಬೇಡ.

ಥೀಸಿಸ್ ಸಬ್ಮಿಟ್ ಮಾಡಿದ್ದಕ್ಕೂ ಪದವಿ ಸಿಕ್ಕಿದ್ದಕ್ಕೂ ನಡುವೆ ತಿಂಗಳುಗಟ್ಟಲೆ ಅಂತರ ಇರುತ್ತದೆ. ರೆಸ್ಯೂಮೆಯಲ್ಲಿ 'ಥೀಸಿಸ್ ಸಲ್ಲಿಸಲಾಗಿದೆ' ಅಂತಲೇ ಇರಲಿ. ಹೆಸರಿನ ಹಿಂದೆ 'ಡಾ.' ಹಾಕಿಕೊಂಡು ಕಳಿಸಿದರೆ ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತೀಯ. ಫೆಲೋಶಿಪ್ ಅವಧಿಯ ಪತ್ರ, ಸಬ್ಮಿಷನ್ ಪತ್ರ, ವೈವಾ ಆದ ಮೇಲೆ ಪ್ರೊವಿಷನಲ್ ಸರ್ಟಿಫಿಕೇಟು, ಎಲ್ಲ ಲೆಟರ್‌ಹೆಡ್‌ನಲ್ಲಿ ಸಹಿ, ಸೀಲು ಸಮೇತ ಇರಲಿ. ಲ್ಯಾಬ್ ಬಿಟ್ಟ ಮೇಲೆ ಇವಕ್ಕಾಗಿ ಆಫೀಸು ಸುತ್ತುವುದು ಸಾಕುಸಾಕಾಗಿ ಹೋಗುತ್ತದೆ.

ಭಾನುವಾರದೊಳಗೆ ಎರಡು ಪುಟದ ರೆಸ್ಯೂಮೆ ಕಳಿಸು. ಪೋಸ್ಟರುಗಳಲ್ಲಿ ಒಂದನ್ನು ಮಾತ್ರ ಉಳಿಸಿಕೋ, ಯಾವುದು ಅಂತ ನೀನೇ ಆರಿಸು.

ನಿನ್ನ
ಅಪ್ಪ