ಅಪ್‌ಗ್ರೇಡ್‌ಗೆ ಮೊದಲು ಸಿಂಕ್ ಕಡೆಗೂ ಗಮನವಿರಲಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ನಿಯಮಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿರುವುದರಿಂದ ಅನೇಕರು ತಮ್ಮ ಕಂಪ್ಯೂಟರ್‌ಗೆ ವಿಂಡೋಸ್ 11 ಹಾಕಿಸಿಕೊಳ್ಳುತ್ತಿದ್ದಾರೆ. ಪ್ರೊಸೆಸರ್ ಹೊಂದುತ್ತದೆಯೇ, ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ ಎಂಬ ಭದ್ರತಾ ಚಿಪ್ ಇದೆಯೇ ಎಂದು ವಿಚಾರಿಸುವಷ್ಟು ಕಾಳಜಿಯಿಂದ ಕ್ಲೌಡ್ ಸಿಂಕ್ (ಕಂಪ್ಯೂಟರ್‌ನಲ್ಲಿರುವ ಫೈಲುಗಳನ್ನೂ ಇಂಟರ್‌ನೆಟ್ ಸಂಗ್ರಹದಲ್ಲಿರುವ ಅವುಗಳ ಪ್ರತಿಯನ್ನೂ ಒಂದೇ ಸಮ ಇಡುವ ವ್ಯವಸ್ಥೆ) ಯಾವ ಸ್ಥಿತಿಯಲ್ಲಿದೆ ಎಂದು ವಿಚಾರಿಸುವವರು ಕಡಿಮೆ. ಫೈಲುಗಳು ಕಳೆದುಹೋಗುವ ಅಪಾಯವಿರುವುದು ಇಲ್ಲಿಯೇ.

ಹೊಸ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಖಾತೆಯ ಮೂಲಕ ಪ್ರವೇಶಿಸಿದಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಮತ್ತು ಪಿಕ್ಚರ್ಸ್ ಫೋಲ್ಡರ್‌ಗಳು ಮೈಕ್ರೋಸಾಫ್ಟ್‌ನ ಕ್ಲೌಡ್ ಸಂಗ್ರಹವಾದ ಒನ್‌ಡ್ರೈವ್‌ನೊಳಗೆ ಸೇರಿಕೊಳ್ಳುವ ಸಾಧ್ಯತೆ ಇರುತ್ತದೆ. ಅಲ್ಲಿ ಉಚಿತವಾಗಿ ಸಿಗುವ ಜಾಗ 5 ಜಿಬಿ ಮಾತ್ರ. ಕೆಲವು ವರ್ಷಗಳ ಫೋಟೊಗಳಿಗೇ ಅದು ಸಾಲದು. ಜಾಗ ತುಂಬಿದೆ ಎಂಬ ಎಚ್ಚರಿಕೆ ಬಂದೊಡನೆ, ಕಂಪ್ಯೂಟರ್‌ನಲ್ಲಿ ಇನ್ನೊಂದು ಪ್ರತಿ ಇದ್ದೇ ಇದೆ ಎಂಬ ನಂಬಿಕೆಯಿಂದ ಬಳಕೆದಾರರು ಕ್ಲೌಡ್‌ನಲ್ಲಿರುವುದನ್ನು ಅಳಿಸುತ್ತಾರೆ. ಎರಡೂ ಕಡೆ ಒಂದೇ ಸ್ಥಿತಿ ಇರುವಂತೆ ನೋಡಿಕೊಳ್ಳುವುದಷ್ಟೇ ಸಿಂಕ್‌ನ ಕೆಲಸವಾದ್ದರಿಂದ, ಅಲ್ಲಿ ಅಳಿಸಿದ ಫೈಲು ಇಲ್ಲಿಂದಲೂ ಮಾಯವಾಗುತ್ತದೆ. ವೈಯಕ್ತಿಕ ಖಾತೆಗಳಲ್ಲಿ ಒನ್‌ಡ್ರೈವ್‌ನ ರೀಸೈಕಲ್ ಬಿನ್ ಅದನ್ನು ಸಾಮಾನ್ಯವಾಗಿ 30 ದಿನ ಉಳಿಸಿಕೊಂಡಿರುತ್ತದೆ, ನಿಜ. ಆದರೆ ಫೈಲು ಹೋಗಿರುವುದು ಅಷ್ಟರೊಳಗೆ ಗಮನಕ್ಕೆ ಬರಬೇಕಲ್ಲ.

ಕಣ್ಣಿಗೆ ಕಾಣುವ ಫೈಲೆಲ್ಲ ಹಾರ್ಡ್‌ಡಿಸ್ಕ್‌ನಲ್ಲಿದೆ ಎಂದೂ ಭಾವಿಸುವಂತಿಲ್ಲ. ಹೆಸರಿನ ಪಕ್ಕದಲ್ಲಿ ಪುಟ್ಟ ಮೋಡದ ಗುರುತಿದ್ದರೆ ಅದು ಕ್ಲೌಡ್‌ನಲ್ಲಿ ಮಾತ್ರ ಇದೆ. ಪ್ರಾಪರ್ಟೀಸ್ ತೆರೆದು ನೋಡಿದರೆ ಗಾತ್ರ ಎಷ್ಟೇ ದೊಡ್ಡದಿದ್ದರೂ ‘ಸೈಜ್ ಆನ್ ಡಿಸ್ಕ್’ ಎದುರು ಸೊನ್ನೆ ಕಾಣಿಸುತ್ತದೆ. ಇಂಥ ಫೈಲನ್ನು ಇಂಟರ್‌ನೆಟ್ ಇಲ್ಲದ ಹೊತ್ತಿನಲ್ಲಿ ಎಕ್ಸ್‌ಟರ್ನಲ್ ಡ್ರೈವ್‌ಗೆ ನಕಲು ಮಾಡಲು ಬರುವುದಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಇನ್ನೂ ಅಪ್‌ಲೋಡ್ ಆಗದೆ ಸರದಿಯಲ್ಲಿರುವ ಫೈಲು ಡಿಸ್ಕ್ ಫಾರ್ಮ್ಯಾಟ್ ಮಾಡಿದ ಕ್ಷಣಕ್ಕೆ ಎಲ್ಲಿಯೂ ಉಳಿಯುವುದಿಲ್ಲ.

ಆದ್ದರಿಂದ ಅಪ್‌ಗ್ರೇಡ್‌ಗೆ ಮೊದಲು ಸಿಂಕ್ ಪೂರ್ಣಗೊಳ್ಳಲು ಬಿಟ್ಟು, ಮುಖ್ಯವಾದ ಫೋಲ್ಡರ್‌ಗಳ ಮೇಲೆ ರೈಟ್‌ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಆಯ್ಕೆಯಿಂದ ಅವನ್ನು ಡಿಸ್ಕ್‌ಗೆ ಇಳಿಸಿಕೊಂಡು, ಬೇರೊಂದು ಡ್ರೈವ್‌ಗೆ ನಕಲು ಮಾಡಿ, ಆ ಡ್ರೈವನ್ನು ಕಳಚಿಟ್ಟ ನಂತರವೇ ಮುಂದುವರಿಯುವುದು ಸುರಕ್ಷಿತ. ಈ ಕೆಲಸದ ನಡುವೆ ಸಿಂಕನ್ನು ‘ಪಾಜ್’ ಮಾಡಿದರೆ, ಅಂದರೆ ತಾತ್ಕಾಲಿಕವಾಗಿ ನಿಲ್ಲಿಸಿದರೆ, ಆಯ್ದ 2, 8 ಅಥವಾ 24 ಗಂಟೆಗಳ ಬಳಿಕ ಅದು ತಾನಾಗಿಯೇ ಶುರುವಾಗುವುದರಿಂದ, ಆ ಕಂಪ್ಯೂಟರನ್ನು ಒನ್‌ಡ್ರೈವ್ ಖಾತೆಯಿಂದ ‘ಅನ್‌ಲಿಂಕ್’ ಮಾಡುವುದೇ (ಸಂಪರ್ಕ ಕಡಿದುಹಾಕುವುದೇ) ಮೇಲೆಂದು ನನ್ನ ಅಭಿಪ್ರಾಯ. ಖಾತೆಯ ಪಾಸ್‌ವರ್ಡ್ ನೆನಪಿದೆಯೇ ಎಂಬುದನ್ನೂ ಆಗಲೇ ಖಚಿತಪಡಿಸಿಕೊಳ್ಳಬೇಕು. ಮ್ಯಾಕ್ ಬಳಸುವವರೂ ಇದರಿಂದ ಹೊರತಲ್ಲ: 2016ರ ಸಿಯೆರಾ ಆವೃತ್ತಿಯಿಂದ ಅಲ್ಲಿಯೂ ಡೆಸ್ಕ್‌ಟಾಪ್ ಆಪಲ್‌ನ ಕ್ಲೌಡ್ ಸಂಗ್ರಹವಾದ ಐಕ್ಲೌಡ್‌ಗೆ ಹೋಗಬಲ್ಲದು.

ಇಷ್ಟೆಲ್ಲ ಎಚ್ಚರದ ಹೊರೆಯನ್ನು ಬಳಕೆದಾರರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಸ್ಪಷ್ಟವಾಗಿ ಕೇಳದೆಯೇ ಒನ್‌ಡ್ರೈವ್‌ನ ಫೋಲ್ಡರ್ ಬ್ಯಾಕಪ್ ಚಾಲೂ ಆಗುತ್ತಿದೆ ಎಂಬ ದೂರುಗಳು 2024ರಲ್ಲಿಯೇ ಕೇಳಿಬಂದಿದ್ದವು. ‘ನಿಮ್ಮ ಫೋಲ್ಡರ್‌ಗಳನ್ನು ಕ್ಲೌಡ್‌ಗೆ ಸಾಗಿಸಬೇಕೇ, ಬೇಡವೇ’ ಎಂದು ಕಂಪನಿಗಳು ನೇರವಾಗಿ ಕೇಳಬೇಕು, ಎರಡೂ ಉತ್ತರಗಳ ಗುಂಡಿಗಳನ್ನು ಸಮಾನ ಗಾತ್ರದಲ್ಲಿ ಇಡಬೇಕು ಮತ್ತು ಬೇಡವೆಂದವರನ್ನು ಪ್ರತಿ ಅಪ್‌ಡೇಟ್ ನಂತರವೂ ಮತ್ತೆ ಕೇಳಿ ಪೀಡಿಸಬಾರದು.

– ಓರ್ವ ಓದುಗ